ಮುಧೋಳ ನಾಯಿ ಉಳಿಯಬೇಕಾದರೆ ಗಂಡುಗಳ ಲೆಕ್ಕ ನೋಡಿ

ಡಾಲ್ಮೇಷಿಯನ್ ನಾಯಿಯ ಚುಕ್ಕೆಗಳು ಎಲ್ಲರಿಗೂ ಗೊತ್ತು. ಅದರ ಮೂತ್ರದ ತೊಂದರೆ ಗೊತ್ತಿರುವುದು ಕೆಲವರಿಗೆ ಮಾತ್ರ. ಬೇರೆ ಬಹುತೇಕ ನಾಯಿಗಳಲ್ಲಿ ಯೂರಿಕ್ ಆಮ್ಲ ಯಕೃತ್ತಿಗೆ ಹೋಗಿ, ನೀರಿನಲ್ಲಿ ಸುಲಭವಾಗಿ ಕರಗುವ ಅಲಾಂಟೊಯಿನ್ ಆಗುತ್ತದೆ. ಡಾಲ್ಮೇಷಿಯನ್‌ಗಳಲ್ಲಿ ಆ ಆಮ್ಲವನ್ನು ಜೀವಕೋಶದೊಳಕ್ಕೆ ಸಾಗಿಸುವ ಜೀನೇ ಕೆಟ್ಟಿದೆ. ಹಾಗಾಗಿ ಅದು ಮೂತ್ರ ಸೇರಿ ಹರಳುಗಟ್ಟುತ್ತದೆ. ಗಂಡಿನ ಮೂತ್ರನಾಳ ಶಿಶ್ನದ ಮೂಳೆಯ ಬಳಿ ಕಿರಿದು. ಕಲ್ಲು ಬಂದು ಸಿಕ್ಕಿಕೊಳ್ಳುವುದು ಅಲ್ಲೇ. ನಾಯಿ ಕಾಲೆತ್ತಿ ತಿಣುಕುತ್ತದೆ, ಹನಿ ಹನಿಯಾಗಿ ಬರುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಅಪಾಯ.

ತಳಿಯೊಳಗೆ ಸರಿಯಾದ ಜೀನ್ ಉಳಿದೇ ಇಲ್ಲದಿದ್ದಾಗ ಎಷ್ಟು ಜೋಪಾನವಾಗಿ ಜೋಡಿ ಆರಿಸಿದರೂ ಪ್ರಯೋಜನವಿಲ್ಲ. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದೇ ಒಂದು ಸಲ ಪಾಯಿಂಟರ್ ನಾಯಿಯನ್ನು ಡಾಲ್ಮೇಷಿಯನ್‌ಗೆ ಕೂಡಿಸಿದರು. ಒಳ್ಳೆಯ ಜೀನಿನ ಒಂದು ಪ್ರತಿ ಇದ್ದರೂ ಸಾಕು, ಮೂತ್ರ ಸರಿಯಾಗುತ್ತದೆ. ಅದು ಬಂದಿರುವ ಮರಿಯನ್ನೇ ಆರಿಸಿ ಮತ್ತೆ ಮತ್ತೆ ಡಾಲ್ಮೇಷಿಯನ್‌ಗೆ ಕೂಡಿಸುತ್ತಾ ಹೋದರೆ ಪಾಯಿಂಟರ್ ಪಾಲು ಅರ್ಧ, ಕಾಲು, ಅರೆಕಾಲು ಎಂದು ಇಳಿದು, ಹತ್ತನೇ ತಲೆಮಾರಿಗೆ ಸರಾಸರಿ 1,024ರಲ್ಲಿ ಒಂದಂಶ ಉಳಿಯುತ್ತದೆ. ಆದರೂ ಬೆರಕೆ ಎಂಬ ವಿರೋಧ ಎದ್ದು, ಅಮೆರಿಕನ್ ಕೆನಲ್ ಕ್ಲಬ್ ಈ ಸಂತತಿಗೆ ನೋಂದಣಿ ಕೊಡಲು ಒಪ್ಪಿದ್ದು 2011ರಲ್ಲಿ. ಅಷ್ಟು ವರ್ಷ ನರಳಿದ ನಾಯಿಗಳಿಗೆ ವಂಶಾವಳಿಯ ಕಾಗದದಿಂದ ಯಾವ ಉಪಕಾರವೂ ಆಗಲಿಲ್ಲ.

ನಮ್ಮ ಮುಧೋಳ ನಾಯಿಗೆ ಈ ರೋಗವಿದೆ ಎಂದಲ್ಲ. ಆದರೆ ಒಳ್ಳೆಯ ಜೀನನ್ನೇ ಕಳೆದುಕೊಳ್ಳುವ ಆ ದಾರಿ ಹಿಡಿಯುವುದು ಸುಲಭ. ಈ ತಳಿಗಾಗಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆಚೀಟಿಯೂ ಬಂತು. ಹೆಸರು ಬಂದಂತೆ ಎಲ್ಲರಿಗೂ ಸ್ಪರ್ಧೆಯಲ್ಲಿ ಗೆದ್ದ ಗಂಡಿನ ಮರಿಯೇ ಬೇಕು. ಅಪಾಯವಿರುವುದು ಇಲ್ಲೇ. ಜೀನುಗಳ ವೈವಿಧ್ಯ ಕಾಯುವುದರಲ್ಲಿ ಒಂದು ಗುಂಪು ನಿಜಕ್ಕೂ ಎಷ್ಟು ನಾಯಿಗೆ ಸಮ ಎಂದು ತಿಳಿಯಲು ಒಂದು ಲೆಕ್ಕವಿದೆ: ಗಂಡು ಹೆಣ್ಣುಗಳ ಸಂಖ್ಯೆಯನ್ನು ಗುಣಿಸಿ, ನಾಲ್ಕರಿಂದ ಮತ್ತೆ ಗುಣಿಸಿ, ಒಟ್ಟು ನಾಯಿಗಳಿಂದ ಭಾಗಿಸಿ. 40 ಹೆಣ್ಣಿಗೆ 2 ಗಂಡಾದರೆ ಉತ್ತರ ಸುಮಾರು 7.6. ಕಣ್ಣಿಗೆ 42 ನಾಯಿ ಕಂಡರೂ ವೈವಿಧ್ಯ ಕಾಯುವ ಶಕ್ತಿ ಎಂಟು ನಾಯಿಗಳಷ್ಟೂ ಇಲ್ಲ. ಪ್ರತಿ ತಲೆಮಾರಿಗೆ ಸುಮಾರು 6.6% ವೈವಿಧ್ಯ ಸೋರಿಹೋಗುತ್ತದೆ. 20 ಹೆಣ್ಣು, 20 ಗಂಡು ಇದ್ದರೆ ಆ ನಷ್ಟ 1.25% ಮಾತ್ರ.

ಒಂದೇ ಗಂಡಿನ ಮರಿಗಳು ಊರೂರಿಗೆ ಹರಡಿದರೆ, ಮುಂದಿನ ಸುತ್ತಿನಲ್ಲಿ ಗೊತ್ತಿಲ್ಲದೆಯೇ ಅರೆಸೋದರರ ಜೋಡಿಯಾಗುತ್ತದೆ. ಅವುಗಳ ಮರಿಯಲ್ಲಿ ಒಂದು ಜೀನಿನ ಎರಡೂ ಪ್ರತಿ ಒಂದೇ ಮೂಲದಿಂದ ಬರುವ ಸಾಧ್ಯತೆ 12.5%; ಒಡಹುಟ್ಟಿದವುಗಳಾದರೆ 25%. ಅಡಗಿದ್ದ ದೋಷ ಹೊರಬರುವುದು ಆಗಲೇ. ಒಂದು ಸೂಲಿನಲ್ಲಿ ಹುಟ್ಟುವ ಮರಿಗಳು ಕಡಿಮೆಯಾಗುತ್ತವೆ, ಹಾಲು ಬಿಡುವ ಮೊದಲೇ ಸಾಯುವುದು ಹೆಚ್ಚುತ್ತದೆ. ಸಾಕುವವರು ಇದಕ್ಕೆ ಆಹಾರವನ್ನೋ ಹವೆಯನ್ನೋ ದೂರುವುದುಂಟು.

ಆದ್ದರಿಂದ ಕೂಡಿಸುವ ಮುನ್ನ ಎರಡೂ ಕಡೆ ಕನಿಷ್ಠ ಮೂರು ತಲೆಮಾರಿನ ಹೆಸರು ಹೋಲಿಸಿ ನೋಡಬೇಕು. ಒಳ್ಳೆಯ ಗಂಡಿಗೂ ಮಿತಿ ಹಾಕಬೇಕು. ಚೊಚ್ಚಲ ಬೆದೆಗೇ ಹೆಣ್ಣನ್ನು ಕೂಡಿಸಬಾರದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಮುಧೋಳ ಸುತ್ತಲಿನ ಹಳ್ಳಿಗಳಲ್ಲಿ ಕಾಗದವಿಲ್ಲದೆ, ಮೈಕಟ್ಟಿನಲ್ಲಿ ಅಪ್ಪಟ ಮುಧೋಳವೇ ಆಗಿ ಓಡಾಡುವ ನಾಯಿಗಳಿದ್ದರೆ, ಅವುಗಳ ಡಿಎನ್‌ಎ ಪರೀಕ್ಷಿಸಿ ದಾಖಲೆಗೆ ಸೇರಿಸಬೇಕು. ಮರಿ ಕೊಳ್ಳುವವರು ಬಣ್ಣ, ಎತ್ತರ ಕೇಳುವ ಮೊದಲು ಈ ಗಂಡಿನಿಂದ ಇಲ್ಲಿಯವರೆಗೆ ಎಷ್ಟು ಸೂಲು ಆಗಿವೆ ಎಂದು ಕೇಳಬೇಕು.