ಸೂರತ್–ಚೆನ್ನೈ ಹೆದ್ದಾರಿ: ಬಂಡಿ ದಾಟುವ ಹಾದಿ ಎಲ್ಲಿ?

ಜೇವರ್ಗಿ ತಾಲ್ಲೂಕಿನಲ್ಲಿ ನಮ್ಮ ಕಾಕಾನ ಹೊಲ ಇದೆ. ಯರೆ (ಕಪ್ಪು ಮಣ್ಣಿನ) ಭೂಮಿ, ತೊಗರಿ ಬೆಳೆ. ಕೆಲವು ವರ್ಷಗಳ ಹಿಂದೆ ಸೂರತ್–ಚೆನ್ನೈ ಹೆದ್ದಾರಿಗೆಂದು ಸರ್ವೆಯವರು ಬಂದು ಕಲ್ಲು ನೆಟ್ಟು ಹೋದರು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರೆ ಹೊಲ ಎರಡು ಹೋಳು. ಬಾವಿ ಈ ಕಡೆ, ಬೆಳೆ ಆ ಕಡೆ. ಕಾಕಾ ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ. "ಬಂಡಿ ಹ್ಯಾಂಗ ದಾಟಸಬೇಕ್ರಿ?" ಅಂತ.

ಪಶ್ಚಿಮದ ಕರಾವಳಿಯಿಂದ ಮದ್ರಾಸಿಗೆ ಹೋಗುವ ದಾರಿ ನಮ್ಮ ಸೀಮೆಗೆ ಹೊಸದೇನಲ್ಲ. ಮುಂಬೈ ಕಡೆಯಿಂದ ಬಂದ ರೈಲು ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ ಎಲ್ಲ ಆ ದಾರಿಯಲ್ಲೇ ಇವೆ. ಆದರೆ ರೈಲು ಊರೂರಲ್ಲಿ ನಿಂತಿತು. ಸ್ಟೇಷನ್ ಸುತ್ತ ಪೇಟೆ ಬೆಳೆಯಿತು.

ಈಗಿನ ರಸ್ತೆ ಕೇಂದ್ರದ ಹೆದ್ದಾರಿ ಯೋಜನೆ ಭಾರತ್‌ಮಾಲಾದ್ದು. ಆ ಯೋಜನೆಯ ಮೊದಲ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2017ರ ಅಕ್ಟೋಬರ್‌ನಲ್ಲಿ. ಸೂರತ್‌ನಿಂದ ಚೆನ್ನೈಗೆ ಈಗ ಸುಮಾರು 1,600 ಕಿ.ಮೀ. ಹೊಸ ದಾರಿಯಲ್ಲಿ ಅದು 1,270ಕ್ಕೆ ಇಳಿಯುತ್ತದೆ. ಗುಜರಾತ್, ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ, ಆಂಧ್ರ, ತಮಿಳುನಾಡು, ಹೀಗೆ ಆರು ರಾಜ್ಯ. 2023ರ ಜನವರಿ 19ರಂದು ಪ್ರಧಾನಿ ಮೋದಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ 65.5 ಕಿ.ಮೀ., ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 71 ಕಿ.ಮೀ. ಭಾಗಕ್ಕೆ ಅಡಿಗಲ್ಲು ಹಾಕಿದರು. ಎರಡೂ ಆರು ಪಥದ ರಸ್ತೆ, ಸೇರಿ ನಾಲ್ಕು ಸಾವಿರ ಕೋಟಿಗೂ ಜಾಸ್ತಿ ಖರ್ಚು.

ಇದು ಹಳೆಯ ರಸ್ತೆಯನ್ನು ಅಗಲ ಮಾಡುವ ಕೆಲಸವಲ್ಲ, ಹೊಲಗಳ ನಡುವೆ ಹೊಸದಾಗಿ ಹಾಕುವ ದಾರಿ. ಎಲ್ಲಿ ಬೇಕೋ ಅಲ್ಲಿ ಹತ್ತೋ ಹಾಗಿಲ್ಲ, ಇಳಿಯೋ ಹಾಗಿಲ್ಲ. ಇಂಟರ್‌ಚೇಂಜ್ ಇದ್ದಲ್ಲಿ ಮಾತ್ರ ದಾರಿ. ಅಡ್ಡ ದಾಟಬೇಕೆಂದರೆ ಅಂಡರ್‌ಪಾಸ್ ಹುಡುಕಬೇಕು. ಲಾರಿಗೆ ಎರಡು ಕಿ.ಮೀ. ಸುತ್ತು ಏನೂ ಅಲ್ಲ. ಎತ್ತಿನ ಬಂಡಿಗೆ, ತಲೆ ಮೇಲೆ ಬುತ್ತಿ ಹೊತ್ತು ಹೊಲಕ್ಕೆ ಹೋಗುವವರಿಗೆ ಅದು ದಿನದಿನದ ತ್ರಾಸು.

ಜಮೀನು ಹೋಗುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ. ಮೊದಲು '3ಎ' ಅಧಿಸೂಚನೆ, ಅಂದರೆ ಈ ಜಮೀನು ರಸ್ತೆಗೆ ಬೇಕು ಎಂಬ ಸೂಚನೆ. ಅದು ಪ್ರಕಟವಾದ 21 ದಿನದೊಳಗೆ ತಕರಾರು ಕೊಡಬೇಕು. ಆಮೇಲೆ '3ಡಿ' ಘೋಷಣೆ ಬಂತೆಂದರೆ ಜಮೀನು ಸರ್ಕಾರದ್ದು. ನಮ್ಮ ಕಡೆ ಬಹಳ ಜನರಿಗೆ ಆ 21 ದಿನ ಯಾವಾಗ ಕಳೆದವು ಅಂತಲೇ ಗೊತ್ತಾಗುವುದಿಲ್ಲ.

2015ರಿಂದ ಪರಿಹಾರದ ಲೆಕ್ಕಕ್ಕೆ 2013ರ ಭೂಸ್ವಾಧೀನ ಕಾಯ್ದೆ ಅನ್ವಯಿಸುತ್ತದೆ. ಲೆಕ್ಕ ಹಾಕಿದ ಬೆಲೆಯ ಮೇಲೆ ಅಷ್ಟೇ ಮೊತ್ತ ಮತ್ತೆ ಸೇರುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆ ಮೂಲ ಬೆಲೆ ಬರುವುದು ನೋಂದಣಿ ಕಾಗದದಿಂದ. ಸ್ಟ್ಯಾಂಪ್ ಖರ್ಚು ಉಳಿಸಲು ಎಲ್ಲರೂ ಕಡಿಮೆ ಬರೆಸಿರುತ್ತಾರೆ. ಆ ಉಳಿತಾಯದ ಹೊಡೆತ ಈಗ ಬೀಳುತ್ತದೆ. ಇನ್ನೊಂದು ತೊಡಕು ಪೋಡಿಯದು, ಅಂದರೆ ಹೊಲ ಅಳೆದು ದಾಖಲೆಯಲ್ಲಿ ಪಾಲು ಬೇರೆ ಮಾಡುವುದರದು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿಯಲ್ಲಿ ಅವರದೇ ಹೆಸರು. ಅಣ್ಣ-ತಮ್ಮಂದಿರು ಬಾಯಿಮಾತಲ್ಲಿ ಹಂಚಿಕೊಂಡ ಹೊಲಕ್ಕೆ ಚೆಕ್ ಯಾರ ಹೆಸರಿಗೆ ಬರೆಯಬೇಕು?

ನೀರಿನ ಮಾತೂ ಇದೆ. ಯರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಸುಮ್ನೆ ರಸ್ತೆ ಹಾಕಲು ಆಗದು. ಹೊರಗಿನಿಂದ ಗರಸು ತಂದು ಎತ್ತರದ ಏರಿ ಕಟ್ಟಬೇಕು. ಆ ಏರಿ ಒಡ್ಡಿನ ಹಾಗೆ ಮಳೆನೀರಿಗೆ ಅಡ್ಡ ನಿಲ್ಲುತ್ತದೆ. ಮೋರಿ ಸರಿಯಾದ ಜಾಗದಲ್ಲಿ ಇರದಿದ್ದರೆ ನೀರು ಹೊಲದಲ್ಲೇ ನಿಲ್ಲುತ್ತದೆ. ತೊಗರಿಗೆ ನಿಂತ ನೀರು ಆಗಿಬರುವುದಿಲ್ಲ, ಬೇರು ಕೊಳೆಯುತ್ತದೆ.

ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ತೊಗರಿ ಬೇಗ ಚೆನ್ನೈ ಮುಟ್ಟಿದರೆ ನಮಗೂ ಒಳ್ಳೆಯದೇ. ಆದರೆ ಅಂಡರ್‌ಪಾಸ್, ಮೋರಿ ಎಲ್ಲಿ ಬರಬೇಕು ಎಂದು ಊರವರನ್ನು ಹೊಲದಲ್ಲಿ ನಿಲ್ಲಿಸಿ ಕೇಳಬೇಕು. ಮಳೆನೀರು ಯಾವ ಕಡೆ ಹರಿಯುತ್ತದೆ ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಗಡಿಯಾಚೆ ಮಹಾರಾಷ್ಟ್ರದಲ್ಲಿ ಇದೇ ದಾರಿಯ ನಾಸಿಕ್–ಸೊಲ್ಲಾಪುರ–ಅಕ್ಕಲಕೋಟೆ ನಡುವಿನ 374 ಕಿ.ಮೀ. ಭಾಗಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2025ರ ಡಿಸೆಂಬರ್ ಕೊನೆಯಲ್ಲಿ. ಸುದ್ದಿ ಬಂದ ದಿನ ಕಾಕಾ ಅಕ್ಕಲಕೋಟೆಯ ಬೀಗರಿಗೆ ಫೋನ್ ಮಾಡಿದರು. "ನಕ್ಷೆ ತರಸ್ಕೊರಿ. ನಿಮ್ಮ ಬಂಡಿ ಹಾದಿ ಅದರಾಗ ಐತೋ ಇಲ್ಲೋ, ಮೊದಲ ಅದನ್ನ ನೋಡ್ರಿ."