ದೇವದೂತರಿಗೆ ರೆಕ್ಕೆ, ಹೆಸರು ಎಲ್ಲಾ ಬಂದಿದ್ದು ಆಮೇಲೆ

ದೇವದೂತ ಅಂದ ತಕ್ಷಣ ಬಿಳಿ ನಿಲುವಂಗಿ, ದೊಡ್ಡ ರೆಕ್ಕೆ ಕಣ್ಮುಂದೆ ಬರುತ್ತೆ, ಆದ್ರೆ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಲ್ಲಿ ಸುದ್ದಿ ತರೋ ದೂತರಿಗೆ ರೆಕ್ಕೆನೂ ಇಲ್ಲ, ಹೆಸರೂ ಇಲ್ಲ. ಅಲ್ಲಿ ಅಂಥ ದೂತ ಮೊದಲು ಬರೋದು ಯಾವ ರಾಜನ ಹತ್ರನೂ ಅಲ್ಲ, ಯಜಮಾನಿ ಕಾಟ ತಡೀಲಾರದೆ ಮರುಭೂಮಿಗೆ ಓಡಿಬಂದ ಬಸುರಿ ದಾಸಿ ಹಾಗರಳ ಹತ್ರ. ವಾಪಸ್ ಹೋಗು, ಮಗ ಹುಟ್ತಾನೆ, ಇಷ್ಮಾಯೇಲ ಅಂತ ಹೆಸರಿಡು ಅಂತಾನೆ. ಮಾತಾಡಿದ್ದು ದೂತ, ಆದ್ರೆ ಅವಳು ನೋಡಿದ್ದು ದೇವರನ್ನೇ ಅನ್ನೋ ಥರ ಮಾತಾಡ್ತಾಳೆ. ಕಳಿಸಿದವನ್ಯಾರು ಬಂದವನ್ಯಾರು ಅನ್ನೋ ಗೆರೆ ಆಗಿನ್ನೂ ಸರಿಯಾಗಿ ಬಿದ್ದಿರಲಿಲ್ಲ, ಆಮೇಲಿನ ಕಥೆಯೆಲ್ಲಾ ಆ ಗೆರೆ ಎಳೆಯೋದ್ರದ್ದೇ ಅಂತ ನನಗನ್ಸುತ್ತೆ.

ಇದು ಚೆನ್ನಾಗಿ ಕಾಣೋದು ಯಹೂದಿಗಳ ಮೂಲಪುರುಷ ಅಬ್ರಹಾಮನ ಮನೆ ಊಟದಲ್ಲಿ. ಮೂರು ಜನ ಅಪರಿಚಿತರು ಬರ್ತಾರೆ, ಆದಿಕಾಂಡದಲ್ಲಿ ಅಬ್ರಹಾಮ ರೊಟ್ಟಿ, ಎಳೆಗರುವಿನ ಮಾಂಸ, ಮೊಸರು, ಹಾಲು ತಂದಿಟ್ಟು ಮರದ ಕೆಳಗೆ ನಿಂತ್ಕೋತಾನೆ, ಅವರು ಆರಾಮಾಗಿ ಊಟ ಮಾಡಿ ಅವನ ಮುದುಕಿ ಹೆಂಡತಿ ಸಾರಳಿಗೆ ಮಗು ಆಗುತ್ತೆ ಅಂತಾರೆ. ಮುಂದೆ ಯಹೂದಿ ಪಂಡಿತರಿಗೆ ಇದು ಇರುಸುಮುರುಸು, ದೂತರು ಊಟ ಮಾಡೋದೆಲ್ಲಿ, ಹಾಗಾಗಿ ಯಹೂದಿ ಪಂಡಿತರ ಚರ್ಚೆಗಳ ಸಂಗ್ರಹ ತಾಲ್ಮುದ್‌ನಲ್ಲಿ ಆ ದೂತರು ತಿಂದ ಹಾಗೆ ಕಾಣಿಸ್ಕೊಂಡ್ರು ಅಷ್ಟೇ ಅಂತ ಬಂತು. ಕುರಾನ್‌ನ 11ನೇ ಅಧ್ಯಾಯದಲ್ಲಂತೂ ಅವರು ಕೈನೇ ಹಾಕಲ್ಲ, ಅದನ್ನ ನೋಡಿ ಇಬ್ರಾಹೀಮರಿಗೆ (ಅದೇ ಅಬ್ರಹಾಮ) ಭಯ ಆಗುತ್ತೆ, ಆಗ ಹೆದರಬೇಡಿ ಅಂತ ಅವರೇ ಹೇಳ್ತಾರೆ. ಅದೇ ಪ್ರಸಂಗ, ಆದ್ರೆ ದೂತ ಮನುಷ್ಯನಿಂದ ಎಷ್ಟು ದೂರ ಹೋಗ್ಬಿಟ್ಟ ನೋಡಿ. ಮೂರು ಜನ ಯಾಕೆ ಬರ್ಬೇಕಿತ್ತು ಅನ್ನೋದಕ್ಕೂ ಯಹೂದಿ ವ್ಯಾಖ್ಯಾನದಲ್ಲಿ ಉತ್ತರ ಇದೆ, ಒಬ್ಬ ದೂತನಿಗೆ ಒಂದೇ ಡ್ಯೂಟಿ.

ಹೆಸರು ಬಂದಿದ್ದು ಬೈಬಲ್‌ನ ದಾನಿಯೇಲನ ಪುಸ್ತಕದಲ್ಲಿ, ಗಬ್ರಿಯೇಲ ಮತ್ತು ಮಿಕಾಯೇಲ. ಆ ಪುಸ್ತಕ ಈಗಿನ ರೂಪಕ್ಕೆ ಬಂದಿದ್ದು ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಅಂತ ಬಹಳಷ್ಟು ವಿದ್ವಾಂಸರು ಹೇಳ್ತಾರೆ. ದೂತರ ಹೆಸರು ಬಾಬಿಲೋನಿನಿಂದ ಬಂತು ಅಂತ ಜೆರುಸಲೇಮ್ ತಾಲ್ಮುದ್ದೇ ಒಪ್ಕೊಳ್ಳುತ್ತೆ. ಹಾಗಂತ ಎಲ್ಲಾ ಯಹೂದಿಗಳೂ ನಂಬ್ತಿದ್ರು ಅಂತಲ್ಲ, ಸದ್ದುಕಾಯರು ಅನ್ನೋ ಯಹೂದಿ ಪಂಗಡದವರು ದೇವದೂತರೇ ಇಲ್ಲ ಅಂತಿದ್ರು ಅಂತ ಬೈಬಲ್‌ನ ಕ್ರೈಸ್ತ ಭಾಗವಾದ ಹೊಸ ಒಡಂಬಡಿಕೆ ಹೇಳುತ್ತೆ.

ಅದೇ ಹೊಸ ಒಡಂಬಡಿಕೆಯ ಲೂಕನ ಸುವಾರ್ತೆಯಲ್ಲಿ ಅದೇ ಗಬ್ರಿಯೇಲ ಮುದಿ ಪೂಜಾರಿ ಜಕರೀಯನಿಗೂ ಯೇಸುವಿನ ತಾಯಿ ಮರಿಯಳಿಗೂ ಮಗು ಹುಟ್ಟೋ ಸುದ್ದಿ ತರ್ತಾನೆ. ಇಬ್ರೂ ಇದು ಹೇಗೆ ಸಾಧ್ಯ ಅಂತ ಕೇಳ್ತಾರೆ, ಜಕರೀಯನಿಗೆ ಮಾತ್ರ ಮಾತು ನಿಂತೋಗುತ್ತೆ, ಮರಿಯಳಿಗೆ ಸಮಾಧಾನದ ಉತ್ತರ. ಪಾಪ ಮುದುಕ ಅನ್ಸುತ್ತೆ. ಇಸ್ಲಾಂನಲ್ಲಿ ಇದೇ ಗಬ್ರಿಯೇಲ, ಅಂದ್ರೆ ಜಿಬ್ರೀಲ್, ಕೆಲಸ ಇನ್ನೂ ದೊಡ್ಡದು, ಒಂದೆರಡು ಸುದ್ದಿ ಅಲ್ಲ, ಪ್ರವಾದಿ ಮುಹಮ್ಮದರಿಗೆ ಇಡೀ ಕುರಾನನ್ನೇ ತಂದಿದ್ದು. ಕ್ರಿಸ್ತಶಕ 610ರ ಸುಮಾರಿಗೆ ಮೆಕ್ಕಾ ಹತ್ರದ ಹಿರಾ ಗುಹೆಯಲ್ಲಿ ಶುರುವಾಗಿ ಸುಮಾರು 23 ವರ್ಷ.

ದೂತನ ತೂಕ ಹೆಚ್ಚಿದಷ್ಟೂ ಜನ ಅವನಿಗೇ ಕೈಮುಗಿಯೋ ಭಯನೂ ಹೆಚ್ಚಾಯ್ತು. ಬೈಬಲ್‌ನ ಕೊನೆ ಪುಸ್ತಕ ಪ್ರಕಟನೆಯಲ್ಲಿ ದರ್ಶನ ಕಂಡ ಯೋಹಾನ ಕಾಲಿಗೆ ಬಿದ್ರೆ ದೂತ, ಬೇಡ, ನಾನೂ ನಿನ್ನ ಹಾಗೆ ಸೇವಕ, ದೇವರಿಗೆ ನಮಸ್ಕಾರ ಮಾಡು ಅಂತಾನೆ. 745ರಲ್ಲಿ ರೋಮ್‌ನಲ್ಲಿ ಸೇರಿದ್ದ ಕ್ರೈಸ್ತ ಧರ್ಮಗುರುಗಳ ಸಭೆ ಆಲ್ಡೆಬರ್ಟ್ ಅನ್ನೋ ಪ್ರಚಾರಕನ ಪ್ರಾರ್ಥನೆಯಲ್ಲಿದ್ದ ಊರಿಯೇಲ್ ಥರದ ಹೆಸರುಗಳನ್ನ ತಳ್ಳಿಹಾಕಿ ಮಿಕಾಯೇಲ, ಗಬ್ರಿಯೇಲ, ರಫಾಯೇಲ ಇಷ್ಟನ್ನೇ ಉಳಿಸ್ತು, ಉಳಿದವು ದೆವ್ವದ ಹೆಸರು ಅಂದ್ಬಿಡ್ತು.