ರೌಟರ್‌ನ ಪಟ್ಟಿ ಓದುವುದು ಹೇಗೆ? ನಮ್ಮ ವೈ-ಫೈಗೆ ಸೇರಿದವರು ಯಾರ್ಯಾರು

ನೆಟ್ ನಿಧಾನ ಆಯಿತು ಅಂದರೆ ಮೊದಲ ಅನುಮಾನ ಹೋಗುವುದು ಪಕ್ಕದ ಮನೆ ಕಡೆಗೆ. "ಯಾರೋ ನಮ್ಮ ವೈ-ಫೈ ಎಳೀತಿದ್ದಾರೆ" ಅಂತ ಹೇಳಿಬಿಡುತ್ತೇವೆ. ಅದು ಹೌದೋ ಅಲ್ಲವೋ ಎಂದು ನೋಡುವ ಜಾಗ ಮನೆಯಲ್ಲೇ ಇದೆ. ರೌಟರ್‌ನ ಒಳಗೆ ಒಂದು ಪಟ್ಟಿ ಇರುತ್ತದೆ. ಅದನ್ನು ತೆರೆಯುವುದು ಸುಲಭ, ಐದು ನಿಮಿಷ ಸಾಕು. ಓದುವುದು ಮಾತ್ರ ಕಲಿತೇ ಬರಬೇಕು. ಹೆಚ್ಚಿನವರು ತೆರೆಯುವುದನ್ನು ಕಲಿತು ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ ಗುರುತಿಲ್ಲದ ಒಂದು ಹೆಸರು ಕಂಡರೆ ಗಾಬರಿ ಬೀಳುತ್ತಾರೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಓದುವ ಭಾಗಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉದಾಹರಣೆಗೆ ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆಯನ್ನೇ ತೆಗೆದುಕೊಂಡಿದ್ದೇನೆ.

ಮೊದಲು ಮನೆ ಎಣಿಸಿ

ರೌಟರ್ ಮುಟ್ಟುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ವೈ-ಫೈ ಬಳಸುವ ನಿಮ್ಮ ಮನೆಯ ವಸ್ತುಗಳನ್ನೆಲ್ಲ ಬರೆಯಿರಿ. ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲರಿಗೂ ನೆನಪಿಗೆ ಬರುತ್ತವೆ. ಮರೆತುಹೋಗುವುದು ಬೇರೆಯವು. ಸೆಟ್‌ಟಾಪ್ ಬಾಕ್ಸ್, ಪ್ರಿಂಟರ್, ಸ್ಮಾರ್ಟ್ ಪ್ಲಗ್, ಎಸಿ, ಕಪಾಟಿನಲ್ಲಿ ಚಾರ್ಜ್‌ಗೆ ಇಟ್ಟ ಹಳೇ ಫೋನು. ನಮ್ಮ ಕಡೆ ಇನ್ನೆರಡು ಜಾಸ್ತಿ. ಒಂದು, ಅಂಗಳದ ಸಿಸಿ ಕ್ಯಾಮೆರಾ. ಮಗ ದುಬೈಯಲ್ಲೋ ಮುಂಬೈಯಲ್ಲೋ ಇದ್ದರೆ ಊರ ಮನೆಗೆ ಕ್ಯಾಮೆರಾ ಬಂದೇ ಬರುತ್ತದೆ. ಇನ್ನೊಂದು, ಮಾಡಿನ ಮೇಲೆ ಸೋಲಾರ್ ಇದ್ದವರಲ್ಲಿ ಇನ್ವರ್ಟರ್‌ಗೆ ಸಿಕ್ಕಿಸಿರುವ ಸಣ್ಣ ವೈ-ಫೈ ಡಬ್ಬಿ. ದಿನಕ್ಕೆ ಎಷ್ಟು ಯೂನಿಟ್ ಬಂತು ಎಂದು ಫೋನಿಗೆ ಕಳಿಸುವುದು ಅದೇ.

ಈ ಕಾಗದ ಇಲ್ಲದೆ ಪಟ್ಟಿ ನೋಡಿದರೆ ಏನೂ ಪ್ರಯೋಜನ ಇಲ್ಲ. ರೌಟರ್‌ಗೆ ಮನೆಯವರು, ಹೊರಗಿನವರು ಎಂಬ ಭೇದ ಗೊತ್ತಿಲ್ಲ. ಪಾಸ್‌ವರ್ಡ್ ಸರಿ ಇದ್ದರೆ ಎಲ್ಲರೂ ಅದಕ್ಕೆ ಒಂದೇ. ಯಾರು ನಮ್ಮವರು ಎಂದು ಹೇಳಬೇಕಾದವರು ನಾವೇ.

ಒಳಗೆ ಹೋಗುವುದು

ಇದನ್ನು ಬೇಗ ಮುಗಿಸೋಣ. ಫೋನ್ ಮನೆಯ ವೈ-ಫೈಯಲ್ಲೇ ಇರಲಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ವೈ-ಫೈ, ಸೇರಿರುವ ನೆಟ್‌ವರ್ಕ್‌ನ ವಿವರ ತೆರೆದರೆ 'ಗೇಟ್‌ವೇ' ಎಂದು ಒಂದು ಸಂಖ್ಯೆ ಕಾಣುತ್ತದೆ. ಐಫೋನ್‌ನಲ್ಲಿ ಅದೇ ಜಾಗದಲ್ಲಿ 'ರೌಟರ್' ಎಂದಿರುತ್ತದೆ. ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ಈ ಸಂಖ್ಯೆಯನ್ನೇ ನೇರವಾಗಿ ಟೈಪ್ ಮಾಡಿ. 'ರೌಟರ್ ಲಾಗಿನ್' ಎಂದು ಗೂಗಲ್‌ನಲ್ಲಿ ಹುಡುಕಬೇಡಿ, ಸುಮ್ನೆ ಯಾವುದೋ ಸೈಟ್‌ಗೆ ಹೋಗಿ ಪಾಸ್‌ವರ್ಡ್ ಕೊಟ್ಟುಬಿಡುವ ಅಪಾಯ ಇದೆ.

ಲಾಗಿನ್ ಹೆಸರು, ಪಾಸ್‌ವರ್ಡ್ ಹೆಚ್ಚಾಗಿ ರೌಟರ್‌ನ ಅಡಿಯ ಚೀಟಿಯಲ್ಲಿ ಇರುತ್ತವೆ. ವೈ-ಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಒಳಗೆ ಹೋದ ಮೇಲೆ 'ಕನೆಕ್ಟೆಡ್ ಡಿವೈಸಸ್', 'ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್', 'ವೈರ್‌ಲೆಸ್ ಕ್ಲೈಂಟ್ಸ್' ಈ ಮೂರರಲ್ಲಿ ಯಾವುದಾದರೂ ಒಂದು ಹೆಸರು ಸಿಗುತ್ತದೆ. ಎರಡು ಪಟ್ಟಿ ಇದ್ದರೆ ಎರಡನ್ನೂ ನೋಡಿ. ಯಾಕೆ ಅಂತ ಕೆಳಗೆ ಬರುತ್ತದೆ.

ಒಂದೊಂದು ಸಾಲು

ನಮ್ಮ ಮನೆಯ ಪಟ್ಟಿ ಕಾಣುವ ರೀತಿಯಲ್ಲೇ ಮೂರು ಸಾಲು ಬರೆದಿದ್ದೇನೆ. ಸಂಖ್ಯೆಗಳು ಅಭ್ಯಾಸಕ್ಕೆ ಮಾತ್ರ.

ರೆಡ್ಮಿ, 192.168.1.3, ಡಿಎ:41:90:2ಸಿ:77:18
ಇಎಸ್‌ಪಿ_1ಬಿ4290, 192.168.1.7, 5ಸಿ:ಸಿಎಫ್:7ಎಫ್:1ಬಿ:42:90
(ಹೆಸರು ಖಾಲಿ), 192.168.1.11, ಎ6:0ಡಿ:33:ಇ8:52:ಎಫ್1

ಮೊದಲನೆಯದು ಹೆಸರು. ಇದನ್ನು ರೌಟರ್ ಕಂಡುಹಿಡಿದದ್ದಲ್ಲ. ಸೇರುವಾಗ ಆ ಉಪಕರಣವೇ ತನ್ನ ಹೆಸರು ಹೀಗೆ ಎಂದು ಹೇಳಿಕೊಂಡದ್ದು. ಯಾರು ಬೇಕಾದರೂ ತಮ್ಮ ಫೋನಿನ ಹೆಸರು ಬದಲಾಯಿಸಬಹುದು. ಹೆಸರು ಸುಳಿವು ಕೊಡುತ್ತದೆ ಅಷ್ಟೆ, ಸಾಕ್ಷಿ ಅಲ್ಲ.

ಎರಡನೆಯದು ಐಪಿ ಅಡ್ರೆಸ್. ಇದನ್ನು ರೌಟರ್ ತಾತ್ಕಾಲಿಕವಾಗಿ ಕೊಟ್ಟಿದೆ. 192.168ರಿಂದ ಶುರುವಾಗುವ ವಿಳಾಸಗಳು ಮನೆ, ಆಫೀಸುಗಳ ಒಳಗಿನ ಬಳಕೆಗೇ ಮೀಸಲು. ನಿಮ್ಮ ಮನೆಯಲ್ಲೂ ಪಕ್ಕದ ಮನೆಯಲ್ಲೂ ಅದೇ 192.168.1.3 ಇರಬಹುದು, ತೊಂದರೆ ಇಲ್ಲ. ಹೊರಗಿನ ಇಂಟರ್ನೆಟ್‌ಗೆ ಸಾಮಾನ್ಯವಾಗಿ ಇಡೀ ಮನೆ ಒಂದೇ ವಿಳಾಸದಲ್ಲಿ ಕಾಣುತ್ತದೆ. ಇದು ಬಹಳ ಮುಖ್ಯವಾದ ವಿಷಯ. 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಮಾಧ್ಯಮಗಳಿಗೆ ಒಂದು ಇಮೇಲ್ ಹೋಯಿತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ಮನೆಗೆ. ಅಲ್ಲಿನ ಭದ್ರತೆ ಇಲ್ಲದ ವೈ-ಫೈಯನ್ನು ಬೇರೆ ಯಾರೋ ಬಳಸಿದ್ದರು. ಹೊರಗಿನಿಂದ ನೋಡುವವರಿಗೆ ಕಾಣುವುದು ಮನೆ ಮಾತ್ರ. ಒಳಗೆ ಯಾರು ಇದ್ದರು ಎನ್ನುವುದು ರೌಟರ್‌ಗೆ ಮಾತ್ರ ಗೊತ್ತು. ಪಟ್ಟಿ ನೋಡುವ ಅಭ್ಯಾಸ ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ನೆಟ್ ನಿಧಾನ ಆಗುವುದು ಇದರ ಮುಂದೆ ಸಣ್ಣ ವಿಷಯ.

ಮೂರನೆಯದು ಮ್ಯಾಕ್ ಅಡ್ರೆಸ್, ಅಂದರೆ ಉಪಕರಣದ ವೈ-ಫೈ ಭಾಗದ ಗುರುತಿನ ಸಂಖ್ಯೆ. ಕಲಿಯುವವರಿಗೆ ನಿಜವಾದ ರುಚಿ ಇಲ್ಲಿದೆ. ಆರು ಜೋಡಿ, ಒಟ್ಟು 48 ಬಿಟ್. ಬಿಟ್ ಎಂದರೆ ಒಂದು 0 ಅಥವಾ 1. ಇಲ್ಲಿನ ಒಂದೊಂದು ಅಕ್ಷರವೂ ನಾಲ್ಕು ಬಿಟ್, 0ರಿಂದ 9 ಮುಗಿದ ಮೇಲೆ ಎಯಿಂದ ಎಫ್‌ವರೆಗೆ ಎಣಿಕೆ. ಮೊದಲ ಮೂರು ಜೋಡಿ ತಯಾರಕರದ್ದು. ಐಇಇಇ ಎಂಬ ಸಂಸ್ಥೆ ಕಂಪನಿಗಳಿಗೆ ಇದನ್ನು ಹಂಚುತ್ತದೆ. ಉಳಿದ ಮೂರು ಜೋಡಿಯನ್ನು ಕಂಪನಿ ತನ್ನ ಒಂದೊಂದು ಉಪಕರಣಕ್ಕೂ ಬೇರೆ ಬೇರೆಯಾಗಿ ಕೊಡುತ್ತದೆ. ಹೀಗೆ ಒಂದು ಗುಂಪಿನಿಂದ 1,67,77,216 ವಿಳಾಸ ಸಿಗುತ್ತವೆ.

ಎರಡನೇ ಸಾಲನ್ನು ಈಗ ನೋಡಿ. 5ಸಿ:ಸಿಎಫ್:7ಎಫ್ ಎಂಬುದು ಶಾಂಘೈಯ ಎಸ್‌ಪ್ರೆಸಿಫ್ ಕಂಪನಿಯದ್ದು. ಅವರು ಫೋನ್ ಮಾಡುವುದಿಲ್ಲ, ಸಣ್ಣ ವೈ-ಫೈ ಚಿಪ್ ಮಾಡುತ್ತಾರೆ. ಸ್ಮಾರ್ಟ್ ಬಲ್ಬ್, ಪ್ಲಗ್, ಕೆಲವು ಸೋಲಾರ್ ಡಬ್ಬಿಗಳ ಒಳಗೆ ಇರುವುದು ಅದೇ ಚಿಪ್. ಹೆಸರಿನ ಕೊನೆಯ ಅಕ್ಷರಗಳನ್ನೂ ಮ್ಯಾಕ್‌ನ ಕೊನೆಯ ಮೂರು ಜೋಡಿಯನ್ನೂ ಪಕ್ಕಪಕ್ಕ ಇಡಿ. 1ಬಿ4290, 1ಬಿ:42:90. ಎರಡೂ ಒಂದೇ ಅಲ್ವಾ? ಯಾರೂ ಹೆಸರು ಇಡದಿದ್ದಾಗ ಆ ಚಿಪ್ ತನ್ನ ಮ್ಯಾಕ್‌ನ ಬಾಲವನ್ನೇ ಹೆಸರಿಗೆ ಅಂಟಿಸಿಕೊಳ್ಳುತ್ತದೆ. ನಮ್ಮ ದೊಡ್ಡಮ್ಮ ಈ ಸಾಲು ನೋಡಿ, "ಇದ್ಯಾರು ಮಾರಾಯಾ ಇಎಸ್‌ಪಿ ಅಂತ? ನಮ್ಮ ಮನೆಗೆ ಪೊಲೀಸಿನವರು ಯಾಕೆ ಬಂದ್ರು?" ಎಂದು ಕೇಳಿದ್ದರು. "ದೊಡ್ಡಮ್ಮ, ಅದು ಜನ ಅಲ್ಲ, ಮಾಡಿನ ಸೋಲಾರ್ ಡಬ್ಬಿ" ಎಂದೆ. ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಎಂದರೆ ಹೆಚ್ಚಿನ ಸಲ ಹೀಗೇ, ನಮ್ಮದೇ ಯಾವುದೋ ಡಬ್ಬಿ. ಟಿವಿಯ ಜಾಗದಲ್ಲಿ ಟಿವಿ ಕಂಪನಿಯ ಹೆಸರು ಬಿಟ್ಟು 'ಹೊನ್ ಹಾಯ್' ಎಂದು ಕಂಡರೂ ಹೆದರಬೇಡಿ. ಅದು ಫಾಕ್ಸ್‌ಕಾನ್‌ನ ಇನ್ನೊಂದು ಹೆಸರು, ಒಳಗಿನ ವೈ-ಫೈ ಭಾಗ ಅವರದ್ದು ಇರಬಹುದು.

ಈಗ ಮೊದಲನೇ ಸಾಲು. ಡಿಎ:41:90 ಯಾವ ಕಂಪನಿಯದ್ದು ಎಂದು ಹುಡುಕಿದರೆ ಯಾರದ್ದೂ ಅಲ್ಲ ಎಂದು ಬರುತ್ತದೆ. ಇದು ನಕಲಿ ಉಪಕರಣ ಅಂತಲ್ಲ. 2019ರ ಆಂಡ್ರಾಯ್ಡ್ 10ರಿಂದ, 2020ರ ಐಒಎಸ್ 14ರಿಂದ ಫೋನುಗಳು ತಮ್ಮ ನಿಜವಾದ ಮ್ಯಾಕ್ ಕೊಡುವುದನ್ನು ಬಿಟ್ಟಿವೆ. ಪ್ರತಿ ವೈ-ಫೈಗೂ ಒಂದೊಂದು ಹೊಸ ವಿಳಾಸ ತಾವೇ ಕಟ್ಟಿಕೊಳ್ಳುತ್ತವೆ. ಬಸ್‌ಸ್ಟ್ಯಾಂಡು, ಮಾಲು, ಹೋಟೆಲು ಎಂದು ನಾವು ಹೋದಲ್ಲೆಲ್ಲ ಒಂದೇ ಮ್ಯಾಕ್ ಹಿಡಿದು ಯಾರೂ ನಮ್ಮನ್ನು ಹಿಂಬಾಲಿಸಬಾರದು ಎಂದು ಈ ಏರ್ಪಾಡು. ಒಳ್ಳೆಯದೇ. ಪಟ್ಟಿ ಓದುವವರಿಗೆ ಮಾತ್ರ ಕೆಲಸ ಸ್ವಲ್ಪ ಹೆಚ್ಚಾಯಿತು.

ಕಟ್ಟಿಕೊಂಡ ವಿಳಾಸ ಯಾವುದು ಎಂದು ನೋಡಿದ ಕೂಡಲೇ ಹೇಳಬಹುದು. ಮೊದಲ ಜೋಡಿಯ ಎರಡನೇ ಅಕ್ಷರ ನೋಡಿ. ಅದು 2, 6, ಎ, ಇ ಇವುಗಳಲ್ಲಿ ಒಂದಾದರೆ ಆ ವಿಳಾಸ ಕಾರ್ಖಾನೆಯಲ್ಲಿ ಕೊಟ್ಟದ್ದಲ್ಲ. ಕಾರಣ ಬೈನರಿಯಲ್ಲಿದೆ. 2 ಎಂದರೆ 0010, 6 ಎಂದರೆ 0110, ಎ ಎಂದರೆ 1010, ಇ ಎಂದರೆ 1110. ನಾಲ್ಕರ ಕೊನೆಯಲ್ಲೂ 10 ಇದೆ. ಕೊನೆಯಿಂದ ಎರಡನೇ ಬಿಟ್ 1 ಆಗಿದ್ದರೆ 'ಇದು ಸ್ಥಳೀಯವಾಗಿ ಇಟ್ಟ ವಿಳಾಸ' ಎಂದು ಅರ್ಥ. ಡಿಎಯಲ್ಲಿ ಎರಡನೆಯದು ಎ. ಹಾಗಾಗಿ ಕಟ್ಟಿಕೊಂಡದ್ದು. 5ಸಿಯಲ್ಲಿ ಸಿ, ಅಂದರೆ 1100. ಅದು ಕಾರ್ಖಾನೆಯದ್ದು. ಮೂರನೇ ಸಾಲನ್ನು ನೀವೇ ಮಾಡಿ ನೋಡಿ.

ಮಾಡಿದಿರಾ? ಎ6ರಲ್ಲಿ 6, ಅದೂ ಕಟ್ಟಿಕೊಂಡದ್ದೇ. ಹೆಸರು ಬೇರೆ ಇಲ್ಲ. ಹೆಚ್ಚಾಗಿ ಯಾವುದೋ ಫೋನು. ಯಾರ ಫೋನು? ಪ್ರತಿ ಫೋನಿನಲ್ಲೂ ವೈ-ಫೈ ವಿವರದಲ್ಲಿ ಅದು ಈ ನೆಟ್‌ವರ್ಕ್‌ಗೆ ಕೊಟ್ಟ ಮ್ಯಾಕ್ ಕಾಣುತ್ತದೆ. ಮನೆಯವರ ಫೋನುಗಳನ್ನು ಒಂದೊಂದಾಗಿ ತೆಗೆದು ಹೋಲಿಸಿ. ಅದು ಬೇಡ ಅಂದರೆ ಒಂದೊಂದೇ ಫೋನಿನ ವೈ-ಫೈ ಬಂದ್ ಮಾಡಿ, ವೈರ್‌ಲೆಸ್ ಪಟ್ಟಿಯನ್ನು ರಿಫ್ರೆಶ್ ಮಾಡಿ. ಯಾವ ಸಾಲು ಮಾಯ ಆಯಿತೋ ಅದು ಆ ಫೋನಿನದ್ದು. ಕಾಗದದಲ್ಲಿ ಟಿಕ್ ಹಾಕುತ್ತಾ ಹೋಗಿ. ಎಲ್ಲ ಮುಗಿದ ಮೇಲೂ ಉಳಿದ ಸಾಲು ಮಾತ್ರ ಪ್ರಶ್ನೆ.

ಪಟ್ಟಿ ದಾರಿ ತಪ್ಪಿಸುವ ಜಾಗ

ಡಿಎಚ್‌ಸಿಪಿ ಪಟ್ಟಿ ಎಂದರೆ ರೌಟರ್ ಯಾರಿಗೆ ಐಪಿ ಕೊಟ್ಟಿದೆ ಎಂಬ ಲೆಕ್ಕ. ಈಗ ಯಾರಿದ್ದಾರೆ ಎಂಬ ಲೆಕ್ಕ ಅಲ್ಲ. ಕೊಟ್ಟ ವಿಳಾಸಕ್ಕೆ ಒಂದು ಅವಧಿ ಇರುತ್ತದೆ, ಅನೇಕ ರೌಟರ್‌ಗಳಲ್ಲಿ 24 ಗಂಟೆ. ರಾತ್ರಿ ಊಟಕ್ಕೆ ಬಂದು ಹೋದ ಭಾವನ ಫೋನು ಬೆಳಿಗ್ಗೆಯೂ ಅಲ್ಲೇ ಕೂತಿರುತ್ತದೆ. ಮದುವೆ ಊಟದಲ್ಲಿ ಎದ್ದು ಹೋದವರ ಎಲೆ ಇನ್ನೂ ತೆಗೆದಿಲ್ಲ ಅಂತಾರಲ್ಲ, ಹಾಗೆ. ಈಗ ನಿಜಕ್ಕೂ ಯಾರಿದ್ದಾರೆ ಎಂದು ತಿಳಿಯಲು ವೈರ್‌ಲೆಸ್ ಕ್ಲೈಂಟ್ ಪಟ್ಟಿ ಬೇಕು. ಅದರಲ್ಲಿ ಕೇಬಲ್ ಹಾಕಿದ ಟಿವಿ, ಡಿವಿಆರ್ ಕಾಣುವುದಿಲ್ಲ. ಐಪಿಯನ್ನು ಕೈಯಾರೆ ಹೊಂದಿಸಿದ ಕ್ಯಾಮೆರಾ ಡಿಎಚ್‌ಸಿಪಿ ಪಟ್ಟಿಯಲ್ಲಿ ಕಾಣುವುದಿಲ್ಲ. ಎರಡೂ ಪಟ್ಟಿ ನೋಡಿ ಎಂದದ್ದು ಈ ಕಾರಣಕ್ಕೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಹಲವು ರೌಟರ್‌ಗಳಲ್ಲಿ ಹಳೇ ಲೆಕ್ಕ ಅಳಿಸಿ ಹೊಸದಾಗಿ ಶುರುವಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಪಟ್ಟಿ ಚೊಕ್ಕವಾಗಿರುತ್ತದೆ. ಆಷಾಢದಲ್ಲಿ ಅಂಥ ಅವಕಾಶಕ್ಕೆ ನಮ್ಮಲ್ಲಿ ಕೊರತೆ ಇಲ್ಲ.

ಇನ್ನೊಂದು, ಎರಡನೇ ರೌಟರ್. ಕೆಂಪುಕಲ್ಲಿನ ದಪ್ಪ ಗೋಡೆ ದಾಟಿ ಮೇಲಿನ ಮಹಡಿಗೆ ಸಿಗ್ನಲ್ ಹೋಗುವುದಿಲ್ಲ ಎಂದು ಅಲ್ಲಿಗೆ ಇನ್ನೊಂದು ರೌಟರ್ ಹಾಕಿರುತ್ತಾರೆ. ಮಣಿಪಾಲದಲ್ಲಿ ಓದುವ ಹುಡುಗರಿಗೆ ಮಹಡಿ ಬಾಡಿಗೆಗೆ ಕೊಟ್ಟ ಮನೆಗಳಲ್ಲಿ ಇದು ಮಾಮೂಲು. ಅದು ರೌಟರ್ ಆಗಿಯೇ ಕೆಲಸ ಮಾಡುತ್ತಿದ್ದರೆ ಮೇಲೆ ಎಷ್ಟು ಫೋನ್ ಇದ್ದರೂ ಕೆಳಗಿನ ಪಟ್ಟಿಯಲ್ಲಿ ಒಂದೇ ಸಾಲು. ಮೇಲಿನ ರೌಟರ್‌ನೊಳಗೆ ಹೋಗಿ ಅದರ ಪಟ್ಟಿಯನ್ನು ಬೇರೆಯಾಗಿ ನೋಡಬೇಕು. ಫೈಬರ್ ಡಬ್ಬಿ ಬೇರೆ, ರೌಟರ್ ಬೇರೆ ಇದ್ದಲ್ಲೂ ಇದೇ ಕಥೆ.

ಕಂಪ್ಯೂಟರ್‌ನಿಂದ

ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎಆರ್‌ಪಿ, ಒಂದು ಜಾಗ ಬಿಟ್ಟು ಹೈಫನ್, ಎ ಎಂದು ಹೊಡೆದರೆ ಐಪಿ, ಮ್ಯಾಕ್ ಜೋಡಿಗಳು ಬರುತ್ತವೆ. ನಿಮ್ಮ ಕಂಪ್ಯೂಟರ್ ಇತ್ತೀಚೆಗೆ ಮಾತಾಡಿದವರು ಮಾತ್ರ ಅದರಲ್ಲಿ ಇರುತ್ತಾರೆ. ಪೂರ್ತಿ ಬೇಕಾದರೆ ಎನ್‌ಮ್ಯಾಪ್‌ನಂಥ ಸ್ಕ್ಯಾನರ್, ಅಂದರೆ ನೆಟ್‌ವರ್ಕ್‌ನಲ್ಲಿ ಯಾರ್ಯಾರಿದ್ದಾರೆ ಎಂದು ಹುಡುಕುವ ತಂತ್ರಾಂಶ ಬೇಕು. ಫಿಂಗ್‌ನಂಥ ಮೊಬೈಲ್ ಆ್ಯಪ್ ಸುಲಭ. ಆದರೆ ಹೊಸ ಫೋನುಗಳು ಆ್ಯಪ್‌ಗಳಿಗೆ ಮ್ಯಾಕ್ ಓದಲು ಬಿಡುವುದಿಲ್ಲ, ಹಾಗಾಗಿ ನನ್ನ ಭರವಸೆ ರೌಟರ್ ಪಟ್ಟಿಯ ಮೇಲೆಯೇ. ಸ್ಕ್ಯಾನ್ ಮಾಡುವುದಾದರೆ ನಿಮ್ಮ ಮನೆಯ ನೆಟ್‌ವರ್ಕ್ ಮಾತ್ರ. ಹಾಸ್ಟೆಲ್, ಕಾಲೇಜಿನದ್ದನ್ನು ಕೇಳದೆ ಮುಟ್ಟಬೇಡಿ. ಅನುಮತಿ ಇಲ್ಲದೆ ಬೇರೆಯವರ ನೆಟ್‌ವರ್ಕ್‌ಗೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ಗೆ ಬರುತ್ತದೆ.

ನಿಜಕ್ಕೂ ಹೊರಗಿನವರು ಸಿಕ್ಕರೆ

ಮೊದಲು, ಅವರು ಬಂದದ್ದು ಹೇಗೆ ಎಂದು ಯೋಚಿಸಿ. ಹ್ಯಾಕ್ ಎಂದು ಹೇಳುವ ಮೊದಲು ಪಾಸ್‌ವರ್ಡ್ ಯಾರ್ಯಾರಿಗೆ ಕೊಟ್ಟಿದ್ದೀರಿ ಎಂದು ನೆನಪು ಮಾಡಿಕೊಳ್ಳಿ. ಮೇ ತಿಂಗಳ ರಜೆಗೆ ಬಂದ ಮುಂಬೈ ನೆಂಟರು, ನವರಾತ್ರಿಗೆ ಬಂದವರು, ಪಕ್ಕದ ಮನೆಯ ಹುಡುಗನ ಆನ್‌ಲೈನ್ ಪರೀಕ್ಷೆ. ಆಂಡ್ರಾಯ್ಡ್ 10ರಿಂದ ಈಚೆಗೆ, ಒಮ್ಮೆ ಸೇರಿದ ಫೋನಿನಿಂದ ಕ್ಯೂಆರ್ ಕೋಡ್ ತೋರಿಸಿ ಇನ್ನೊಬ್ಬರನ್ನು ಸೇರಿಸಬಹುದು. ನಿಮ್ಮನ್ನು ಕೇಳಬೇಕಾಗಿಯೇ ಇಲ್ಲ.

ರೌಟರ್‌ನಲ್ಲಿ 'ಬ್ಲಾಕ್' ಬಟನ್ ಇರುತ್ತದೆ. ಅದು ಮ್ಯಾಕ್ ನೋಡಿ ತಡೆಯುತ್ತದೆ. ಫೋನು ಬೇರೆ ಮ್ಯಾಕ್ ಹಿಡಿದು ಬಂದರೆ ಆ ಬಾಗಿಲು ಮತ್ತೆ ತೆರೆದೇ ಇದೆ. ಪಾಸ್‌ವರ್ಡ್ ಬದಲಾಯಿಸುವುದೇ ಸರಿ. ಜೊತೆಗೆ ಡಬ್ಲ್ಯೂಪಿಎಸ್ ಆಫ್ ಮಾಡಿ. ಪಾಸ್‌ವರ್ಡ್ ಹೊಡೆಯದೆ, ಬಟನ್ ಒತ್ತಿ ಅಥವಾ ಪಿನ್ ಕೊಟ್ಟು ವೈ-ಫೈಗೆ ಸೇರಿಸುವ ಏರ್ಪಾಡು ಅದು. ಅದರ 8 ಅಂಕಿಯ ಪಿನ್ ಎರಡು ತುಂಡಾಗಿ ಪರೀಕ್ಷೆಗೆ ಒಳಗಾಗುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡಲು. ಹಾಗಾಗಿ ಮೊದಲ ತುಂಡಿಗೆ 10,000, ಎರಡನೆಯದಕ್ಕೆ 1,000, ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಕ್ಕಿಬೀಳುತ್ತದೆ. ಈ ದೋಷ 2011ರಲ್ಲೇ ಬಯಲಾಗಿದೆ. ನೆಂಟರಿಗೆ 'ಗೆಸ್ಟ್ ನೆಟ್‌ವರ್ಕ್' ಎಂದು ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇಡಿ. ರಜೆ ಮುಗಿದ ಮೇಲೆ ಅದನ್ನು ಬಂದ್ ಮಾಡಿದರಾಯಿತು, ಮನೆಯ ಪಾಸ್‌ವರ್ಡ್ ಮುಟ್ಟಬೇಕಾಗಿಲ್ಲ.

ಪಾಸ್‌ವರ್ಡ್ ಬದಲಾಯಿಸಿದ ದಿನ ಫೋನುಗಳು ಬೇಗ ವಾಪಸ್ ಬರುತ್ತವೆ. ಕ್ಯಾಮೆರಾ, ಸೋಲಾರ್ ಡಬ್ಬಿಗಳನ್ನು ಅವುಗಳ ಆ್ಯಪ್ ತೆರೆದು ಒಂದೊಂದಾಗಿ ಮತ್ತೆ ಸೇರಿಸಬೇಕು. ಅವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಸೇರುತ್ತವೆ, ಹಳೆಯವಕ್ಕೆ ವೈ-ಫೈಯ ಹೊಸ ಭದ್ರತಾ ಕ್ರಮವಾದ ಡಬ್ಲ್ಯೂಪಿಎ3 ಗೊತ್ತಿಲ್ಲ. ಸೇರುತ್ತಿಲ್ಲ ಎಂದಾದರೆ ರೌಟರ್‌ನಲ್ಲಿ ಡಬ್ಲ್ಯೂಪಿಎ2 ಮತ್ತು 3 ಎರಡೂ ಇರುವ ಆಯ್ಕೆ ಹಾಕಿ, 2.4ರ ಹೆಸರನ್ನು ಬೇರೆ ಮಾಡಿ ನೋಡಿ. ಎಲ್ಲ ಸೇರಿದ ಮೇಲೆ ಪಟ್ಟಿಯ ಫೋಟೊ ತೆಗೆದು, ಕಾಗದದಲ್ಲಿ ಪ್ರತಿ ವಸ್ತುವಿನ ಎದುರು ಅದರ ಮ್ಯಾಕ್ ಬರೆದಿಡಿ. ಮುಂದಿನ ಸಲ ಹೋಲಿಸಲು ಅದೇ ಸಾಕು.